ಮೇನ್ ಸ್ವಿಚ್ಚಿನ ಹಸಿರು ಬಳೆ

ನನಗೆ ಸಿಟ್ಟು ಬೇಗ ಬರುತ್ತದೆ. ಯಶವಂತಪುರದ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಹಮಾಲಿಗಳು ದೂರದಿಂದಲೇ ನನ್ನ ಮುಖ ನೋಡಿ, ಆಮೇಲೆ ಮೇಜಿನ ಹತ್ತಿರ ಬರುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಒಂದು ಭಾನುವಾರ ಬೆಳಿಗ್ಗೆ ಪಿಳ್ಳಪ್ಪನೆಂಬ ಸಾಧು ಮನುಷ್ಯನ ಬಲಗೈ ಇರುತ್ತದೋ ಹೋಗುತ್ತದೋ ಎನ್ನುವುದು ನನ್ನ ಸಿಟ್ಟಿನ ಮೇಲೆ ನಿಂತುಬಿಟ್ಟಿತ್ತು. ಆದರೆ ನಾನು ಬರೆಯಲು ಕುಳಿತಿರುವುದು ಅವನ ಹೆಂಡತಿ ಮುನಿಶಾಮಮ್ಮನ ವಿಷಯ. ಅಕ್ಷರ ಬಾರದ ಹೆಂಗಸು. ನಾನು ಎಷ್ಟೋ ಸಾಹೇಬರ ಮುಂದೆ ಕೈಮುಗಿದಿದ್ದೇನೆ, ಕೆಲಸ ಉಳಿಯಲಿ ಎಂದು. ಮನಸಾರೆ ಮುಗಿದದ್ದು ಈಕೆಯೊಬ್ಬಳಿಗೆ.

ಅವರದು ನಮ್ಮ ಮನೆಯ ಹಿಂದಿನ ಸೌದೆ ಡಿಪೋ. ಮಧ್ಯೆ ಎದೆಮಟ್ಟದ ಒಂದು ಗೋಡೆ, ಅಷ್ಟೆ. ಆಗೆಲ್ಲ ಮನೆಮನೆಯಲ್ಲೂ ಹಂಡೆ ಒಲೆ. ಹೆಸರಘಟ್ಟದ ಕಡೆಯಿಂದ ಸರ್ವೆ, ಜಾಲಿ, ನೀಲಗಿರಿ ದಿಮ್ಮಿಗಳು ಸರ್ದಾರ್ ಎಂಬಾತನ ಗಾಡಿಯಲ್ಲಿ ಬರುತ್ತಿದ್ದವು. ಪಿಳ್ಳಪ್ಪ ಅವನ್ನು ಕೊಡಲಿಯಲ್ಲಿ ತುಂಡು ಮಾಡಿ ಸೀಳುತ್ತಿದ್ದ. ಅರವತ್ತನೇ ಇಸವಿಯಲ್ಲಿ ಗಾಡಿಯಿಂದ ಜಾರಿದ ದಿಮ್ಮಿಯೊಂದು ಅವನ ಎಡ ಭುಜದ ಮೇಲೆ ಬಿತ್ತು. ಆ ಕೈ ಮತ್ತೆ ಎದೆಗಿಂತ ಮೇಲೆ ಏಳಲಿಲ್ಲ. ಕೂಲಿಗೆ ಸೌದೆ ಒಡೆಯುತ್ತಿದ್ದ ಗಟ್ಟಿ ಆಳುಗಳೆಲ್ಲ ಜಾಲಹಳ್ಳಿಯ ಕಾರ್ಖಾನೆಗಳಿಗೆ ಸೇರಿಕೊಂಡಿದ್ದರು. ಅಂಗಳದಲ್ಲಿ ದಿಮ್ಮಿ ರಾಶಿ ಬೆಳೆಯಿತು, ಗಿರಾಕಿಗಳು ಬರಿಗೈಯಲ್ಲಿ ವಾಪಸು ಹೋಗತೊಡಗಿದರು. ಆಗ ಮುನಿಶಾಮಮ್ಮ ಸೋಲದೇವನಹಳ್ಳಿಯ ತವರಿನಿಂದ ಬಂದಿದ್ದ ಎರಡು ಎಮ್ಮೆ ಮಾರಿ, ಕರೆಂಟಿನ ಮಿಷನ್ ಗರಗಸ ತರುತ್ತೇನೆಂದಳು. ಬೀದಿಯ ಗಂಡಸರೆಲ್ಲ ನಕ್ಕರು. ಸುಳ್ಳೇಕೆ, ನಾನೂ ನಕ್ಕೆ.

ನಕ್ಕವನನ್ನೇ ಆಕೆ ಅಂಗಡಿಗೆ ಕರೆದುಕೊಂಡು ಹೋದಳು, ಇಂಗ್ಲಿಷ್ ಬರುತ್ತದೆಂದು. ಜೊತೆಗೆ ವೈರ್‌ಮನ್ ಖಾದರ್ ಬಾಷಾ. ಎಸ್.ಜೆ.ಪಿ. ರಸ್ತೆಯ ಅಂಗಡಿಯಾತ ಎರಡೂವರೆ ಅಡಿ ಅಗಲದ ದುಂಡು ಬ್ಲೇಡಿನ ದೊಡ್ಡ ಮಿಷನ್ ಮುಂದೆ ನಿಲ್ಲಿಸಿದ.

"ಇದ್ ತಗೊಳ್ಳಿ ಅಮ್ಮ. ಆನೇನೂ ಕುಯ್ಯುತ್ತೆ."

"ನಮ್ಮಲ್ಲಿಗೆ ಆನೆ ಬರಲ್ಲಪ್ಪ, ಸರ್ವೆ ಬರ್ತದೆ," ಎಂದಳು ಮುನಿಶಾಮಮ್ಮ.

ಸೊಂಟದಿಂದ ಒಂದು ದಾರ ತೆಗೆದಳು. ಅದರಲ್ಲಿ ಎರಡು ಗಂಟು. ಒಂದು ದಿನನಿತ್ಯದ ದಿಮ್ಮಿಯ ದಪ್ಪ, ಇನ್ನೊಂದು ಡಿಪೋಗೆ ಬರುವ ಅತಿ ದಪ್ಪದ್ದು. ದಾರವನ್ನು ಬ್ಲೇಡಿನ ಅಗಲಕ್ಕೆ ಹಿಡಿಯಲಿಲ್ಲ. ಟೇಬಲ್ಲಿನಿಂದ ಮೇಲಕ್ಕೆ ಎದ್ದಿರುವ ಭಾಗಕ್ಕೆ ಮಾತ್ರ ಹಿಡಿದಳು. ಮೂರು ಮಿಷನ್ನುಗಳನ್ನು ಹೀಗೆ ಅಳೆದು, ಎರಡನೇ ಗಂಟು ಸರಿಯಾಗಿ ಮುಟ್ಟಿದ ನಡುವಿನದರ ಮೇಲೆ ಕೈಯಿಟ್ಟಳು.

"ದೊಡ್ಡದು ಯಾಕ್ ಬೇಡ?" ಎಂದೆ.

"ಬೇಕಾದ್ದಕ್ಕಿಂತ ಜಾಸ್ತಿ ಆಚೆಗಿದ್ರೆ ಅಷ್ಟೂ ಅಪಾಯ ಅಲ್ವಾ ಸ್ವಾಮಿ? ಟೇಬಲ್ ಕೆಳಗಿರೋ ಅರ್ಧ ಬೇರೆ. ಅದು ಕುಯ್ಯಾಕ್ ಬರಲ್ಲ, ಕಚ್ಚಾಕ್ ಮಾತ್ರ ಬರ್ತದೆ."

ಬ್ಲೇಡಿನ ಮೇಲೆ ಕೂರುವ ಕಬ್ಬಿಣದ ಮುಚ್ಚಳವೊಂದಿತ್ತು. ಅದು ಬೇಕಿಲ್ಲ, ಎಲ್ಲರೂ ಬಿಚ್ಚಿ ಮೂಲೆಗೆ ಹಾಕುತ್ತಾರೆ ಎಂದ ಅಂಗಡಿಯವನು. ಮುನಿಶಾಮಮ್ಮ ಅವನ ಎಡಗೈಯನ್ನೇ ನೋಡುತ್ತಾ, "ನಿನ್ ಉಂಗುರದ ಬೆರಳು ಎಲ್ಲಪ್ಪ?" ಎಂದು ಕೇಳಿದಳು. ಅವನು ಕೈಯನ್ನು ಜೇಬಿಗೆ ಇಳಿಸಿಕೊಂಡ. ಮುಚ್ಚಳ ಹಾಕಿಸಿಕೊಂಡೇ ಮಿಷನ್ ಗಾಡಿ ಹತ್ತಿತು. ನನ್ನ ನಗು ಅಲ್ಲಿಗೆ ನಿಂತಿತು.

ಮಿಷನ್ನಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಸಂಜೆ ಅವರ ಜಗಲಿಯ ಮೇಲೆ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಸರ್ಕಾರಿ ಧಾಟಿಯಲ್ಲಿ ಕನ್ನಡ ಮಾಡಿ ಓದಿದೆ. ಬ್ಲೇಡಿನ ನೇರಕ್ಕೆ ನಿಲ್ಲತಕ್ಕದ್ದಲ್ಲ. ಪೂರ್ತಿ ನಿಂತ ಹೊರತು ಮುಟ್ಟತಕ್ಕದ್ದಲ್ಲ. ಪಿಳ್ಳಪ್ಪ ತಲೆಯಾಡಿಸುತ್ತಿದ್ದ. ಅವನ ತಾಯಿ ಅಂಜಿನಮ್ಮ ಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಅಷ್ಟರಲ್ಲಿ ಒಂದು ಸಾಲು ಬಂತು. ಅದನ್ನು ಹಾರಿಸಿ ಮುಂದಿನದಕ್ಕೆ ಹೋದೆ.

"ಸ್ವಾಮಿ, ಒಂದ್ ಸಾಲು ನುಂಗಿದ್ರಿ," ಎಂದಳು ಮುನಿಶಾಮಮ್ಮ.

"ಇಲ್ಲವಲ್ಲ."

"ನಿಮ್ ಬೆರಳು ನೆಗೀತು. ಅದ್ರಲ್ಲಿ ಏನೈತೆ ಏಳಿ."

ಅಕ್ಷರ ಬಾರದವಳು ಅಕ್ಷರವನ್ನಲ್ಲ, ನನ್ನ ಬೆರಳನ್ನು ಓದುತ್ತಿದ್ದಳು. ಬೇರೆ ದಾರಿ ಕಾಣದೆ ಹೇಳಿದೆ: ಕೈಯಲ್ಲಿ ಉಂಗುರ, ಬಳೆ ಇರತಕ್ಕದ್ದಲ್ಲ.

ಅಂಜಿನಮ್ಮ ಹೊಸಿಲು ದಾಟಿ ಬಂದಳು. ಗಂಡನನ್ನು ಕಳೆದುಕೊಂಡ ಆ ಮುದುಕಿ ತನ್ನ ಎರಡು ಬೋಳು ಮಣಿಕಟ್ಟುಗಳನ್ನು ಸೊಸೆಯ ಮುಖದ ಮುಂದೆ ಹಿಡಿದಳು. "ನೋಡು. ಈ ಕೈ ಇಂಗಾಗಿ ಒಂಬತ್ತು ವರ್ಸ ಆಯ್ತು. ನನ್ ಮಗ ಕಣ್ಮುಂದೆ ಕೂತವ್ನೆ. ಅವ್ನಿರೋವಾಗ್ಲೇ ನಿನ್ ಕೈ ಇಂಗಾಗೋದು ನಾನ್ ನೋಡ್ಬೇಕಾ? ಅವ್ನಿಗೇನಾದ್ರೂ ಆದ್ರೆ?"

ನನಗೆ ಪುಸ್ತಕ ಮುಚ್ಚಿ ಎದ್ದು ಹೋಗಬೇಕೆನಿಸಿತು. ಮುನಿಶಾಮಮ್ಮ ಅತ್ತೆಯ ಎರಡೂ ಕೈ ಹಿಡಿದುಕೊಂಡು, "ಬಳೆ ಬ್ಲೇಡಿಗೆ ಸಿಕ್ಕಿದ್ರೆ ಬಳೆ ಒಂದೇ ಓಗಲ್ಲ ಅತ್ತೆ, ಕೈನೂ ಎಳ್ಕೊಂಡೋಯ್ತದೆ. ಆಮೇಲೆ ಬಳೆ ಎಲ್ಲಿಗೆ ತೊಡ್ಲಿ?" ಎಂದಳು. ಅಂಜಿನಮ್ಮ ಕೈ ಬಿಡಿಸಿಕೊಂಡು ಒಳಗೆ ಹೋದಳು. ನಾನು ಉಳಿದದ್ದನ್ನು ಓದಿದೆ. ಮಿಷನ್ ಶುಚಿ ಮಾಡುವಾಗ ಕರೆಂಟು ತೆಗೆದು, ಯಾರೂ ಹಾಕದಂತೆ ಸ್ವಿಚ್ಚಿಗೆ ಒಂದು ಬೋರ್ಡು ತೂಗುಹಾಕತಕ್ಕದ್ದು ಎಂದಿತ್ತು.

"ಬೋರ್ಡ್ ಯಾರಿಗ್ ಸ್ವಾಮಿ? ನಮ್ ಮನೆಯವ್ರಿಗೆ ಓದಾಕ್ ಬರಲ್ಲ, ನಂಗ್ ಬರಲ್ಲ, ಸರ್ದಾರ್‌ಗೂ ಬರಲ್ಲ. ಓದ್ದೇನೇ ಕೈ ತಡೆಯೋ ಅಂಥದ್ದು ಏನಾದ್ರೂ ಬೇಕು."

ಮರುದಿನ ನೋಡುತ್ತೇನೆ, ಕರೆಂಟು ತೆಗೆದಾಗ ನೆಟ್ಟಗೆ ಮೇಲಕ್ಕೆ ನಿಲ್ಲುವ ಮೇನ್ ಸ್ವಿಚ್ಚಿನ ಉದ್ದನೆಯ ಹಿಡಿಗೆ ತನ್ನ ಕೈಯ ಹನ್ನೆರಡು ಹಸಿರು ಗಾಜಿನ ಬಳೆ ತೊಡಿಸಿದ್ದಾಳೆ. ಟೇಬಲ್ಲಿನ ಕೆಳಗೆ ಪಿಳ್ಳಪ್ಪ ಬಗ್ಗಿ, ಬ್ಲೇಡಿನ ಅಡಿಯ ಪೆಟ್ಟಿಗೆಯಿಂದ ಮರದ ಹೊಟ್ಟು ಬಾಚುತ್ತಿದ್ದಾನೆ. ಅವನು ಎದ್ದು ಬಂದ ಮೇಲೆ ಬಳೆಗಳನ್ನು ಹಿಡಿಯಿಂದ ತೆಗೆದು, ಪಕ್ಕದ ಮೊಳೆಗೆ ಹಾಕಿ, ಕರೆಂಟು ಹಾಕಿದಳು. ಸರ್ದಾರನನ್ನೂ ಖಾದರ್ ಬಾಷಾನನ್ನೂ ನನ್ನನ್ನೂ ಸಾಲಾಗಿ ನಿಲ್ಲಿಸಿ ಹೇಳಿದಳು: "ಬಳೆ ಮೊಳೇಲಿದ್ರೆ ನಾನ್ ಕುಯ್ತಾ ಇವ್ನಿ ಅಂತ. ಬಳೆ ಸ್ವಿಚ್ಚಿನ ಮೇಲಿದ್ರೆ ಯಾರ್ದೋ ಕೈ ಒಳಗೈತೆ ಅಂತ." ಹಿಡಿ ಎಳೆದರೆ ಬಳೆ ಕೆಳಗೆ ಬಿದ್ದು ಚೂರಾಗುತ್ತವೆ. ಮುತ್ತೈದೆಯ ಬಳೆ ಒಡೆಯಲು ಯಾವ ಗಂಡಸಿಗೆ ಧೈರ್ಯ ಬಂದೀತು? ಪುಸ್ತಕ ಬರೆದ ಯಾವ ಇಂಜಿನಿಯರಿಗೂ ಇದು ಹೊಳೆದಿರಲಿಲ್ಲ.

ಮನೆಯಲ್ಲಿ ಮಾತ್ರ ಶಾಂತಿಯಿರಲಿಲ್ಲ. ದಿನಾ ಬಿಚ್ಚಿ ಹಾಕಲು ಸುಲಭವಾಗಲೆಂದು ಮುನಿಶಾಮಮ್ಮ ಒಂದಳತೆ ದೊಡ್ಡ ಬಳೆ ಕೇಳಿದಾಗ, ಬೀದಿಗೆ ಬಳೆ ತರುತ್ತಿದ್ದ ದ್ರೌಪದಮ್ಮನನ್ನು ಅಂಜಿನಮ್ಮ ತಡೆದಳು. ಸಡಿಲ ಬಳೆ ತಾನಾಗಿ ಜಾರಿ ಬೀಳುತ್ತದೆ, ಅದು ಅಪಶಕುನ, ಕೈಗೆ ಕಚ್ಚಿಕೊಂಡೇ ಕೂರಬೇಕು ಎಂದು ಹಟ ಹಿಡಿದಳು. ಹಾಗಾಗಿ ಪ್ರತಿ ಬೆಳಿಗ್ಗೆ ಸೋಪಿನ ನೀರು, ಪ್ರತಿ ಬೆಳಿಗ್ಗೆ ಕೆಂಪಾದ ಮುಂಗೈ. ಸೊಸೆ ಬಳೆ ಬಿಚ್ಚುವಷ್ಟು ಹೊತ್ತು ಅಂಜಿನಮ್ಮ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು.

ಆ ಎರಡು ವರ್ಷ ಗೋಡೆಯ ಈಚೆಯಿಂದ ನಾನು ನೋಡಿದ್ದನ್ನು ಹೇಳಿದರೆ ನೀವು ಉತ್ಪ್ರೇಕ್ಷೆ ಎನ್ನಬಹುದು. ಸೀರೆಯ ಮೇಲೆ ಗಂಡನ ಹಳೇ ಅಂಗಿ, ಸೆರಗು ಅದರೊಳಗೆ ಬಿಗಿಯಾಗಿ ಕಟ್ಟಿದ್ದು, ಕಣ್ಣಿಗೆ ಸಂಡೇ ಬಜಾರಿನ ಹಳೇ ಗಾಗಲ್ಸು. ದಿಮ್ಮಿಯನ್ನು ಟೇಬಲ್ಲಿಗೆ ಎತ್ತುವ ಮೊದಲು ಮಗುವಿನ ಮೈ ಸವರಿದಂತೆ ಉದ್ದಕ್ಕೂ ಸವರಿ, ಮೊಳೆ ಕಲ್ಲು ಇದೆಯೇ ನೋಡುತ್ತಿದ್ದಳು. ಬ್ಲೇಡಿನ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಮಿಷನ್ ಕಿರುಚಿ ಪೂರ್ತಿ ವೇಗಕ್ಕೆ ಬರುವ ತನಕ ಮರ ಮುಟ್ಟಿಸುತ್ತಿರಲಿಲ್ಲ. ತುಂಡು ಗಿಡ್ಡವಾದಾಗ ಕೈ ಹಿಂದೆ ಹೋಗಿ ಮುದ್ದೆ ತಿರುವುವ ಕೋಲು ಮುಂದೆ ಬರುತ್ತಿತ್ತು. ಅದರಿಂದಲೇ ಕೊನೆಯ ಗೇಣು ಮರವನ್ನು ತಳ್ಳುತ್ತಿದ್ದಳು. ಕೋಲಿನ ತುದಿ ಎಷ್ಟೋ ಸಲ ಬ್ಲೇಡಿಗೆ ಸಿಕ್ಕಿ ಸವೆದು ಮೊಟಕಾಗಿತ್ತು, ಬೆರಳು ಹತ್ತೂ ನೆಟ್ಟಗಿದ್ದವು. ಆ ಹೊತ್ತಿನಲ್ಲಿ ದೇವರೇ ಬಂದು ಮಾತಾಡಿಸಿದರೂ ತಿರುಗುತ್ತಿರಲಿಲ್ಲ. ಕರೆಂಟು ತೆಗೆದ ಮೇಲೂ ಬ್ಲೇಡು ಸುತ್ತುತ್ತಲೇ ಇರುತ್ತದಲ್ಲ, ಅದು ಸುಮ್ಮನಾಗುವ ತನಕ ಕೈಕಟ್ಟಿ ನಿಂತಿರುತ್ತಿದ್ದಳು. ಅಷ್ಟು ತಾಳ್ಮೆಯನ್ನು ನಾನು ಒಂದು ಲೋಟ ಕಾಫಿಗೂ ತೋರಿಸಿದವನಲ್ಲ.

ಇನ್ನು ಆ ಭಾನುವಾರ. ಅರವತ್ತಮೂರನೇ ಇಸವಿ. ನನ್ನ ಮಾವ ಅತ್ತೆ ಬೆಳಗಿನ ರೈಲಿಗೆ ಬಂದಿಳಿದಿದ್ದರು. ಹಂಡೆಯಲ್ಲಿ ನೀರು ತಣ್ಣಗೆ, ಒಲೆಗೆ ಒಂದು ಕಡ್ಡಿ ಸೌದೆಯಿಲ್ಲ. ಶುಕ್ರವಾರವೇ ಡಿಪೋದಲ್ಲಿ ಹೇಳಿದ್ದೆ. ಹೆಂಡತಿ ಬಚ್ಚಲಿನಿಂದ ಏನೋ ಅಂದಳು, ನನ್ನ ತಲೆ ಕಾದುಹೋಯಿತು. ದಡದಡನೆ ಡಿಪೋಗೆ ಹೋದೆ. ಅಂಗಳದಲ್ಲಿ ಯಾರೂ ಕಾಣಲಿಲ್ಲ. ಮುನಿಶಾಮಮ್ಮ ಹಿಂದಿನ ಗೇಟಿನಲ್ಲಿ ಸರ್ದಾರನ ಗಾಡಿಯಿಂದ ದಿಮ್ಮಿ ಇಳಿಸಿಕೊಳ್ಳುತ್ತಿದ್ದಳಂತೆ. ಟೇಬಲ್ಲಿನ ಮೇಲೆ ನನ್ನ ಸರ್ವೆ ದಿಮ್ಮಿ ಹಾಗೇ ಬಿದ್ದಿತ್ತು. ಇಷ್ಟು ಕೆಲಸಕ್ಕೆ ಇವರನ್ನು ಕಾಯಬೇಕೇ, ಪುಸ್ತಕ ಓದಿ ಹೇಳಿದವನೇ ನಾನಲ್ಲವೇ ಎಂದುಕೊಂಡೆ. ಸ್ವಿಚ್ಚಿಗೆ ಮಳೆ ಬೀಳದಂತೆ ಮುಂದೆ ಒಂದು ಗೋಣಿ ತಟ್ಟು ಇಳಿಬಿಟ್ಟಿದ್ದರು. ಕಣ್ಣು ದಿಮ್ಮಿಯ ಮೇಲೆ, ಕೈ ಗೋಣಿಯ ಹಿಂದೆ. ಹಿಡಿಯ ತುದಿ ಹಿಡಿದು ಕೆಳಕ್ಕೆ ಎಳೆದೆ.

ಅರ್ಧಕ್ಕೆ ಇಳಿದಿತ್ತೋ ಇಲ್ಲವೋ, ಬೆರಳಿಗೆ ತಣ್ಣನೆಯ ಗಾಜು ತಾಗಿತು. ಬೆರಳು ಸಡಿಲಾಯಿತು, ಬಳೆಗಳು ಜಾರಿ ಕೆಳಗಿನ ಚಪ್ಪಡಿಯ ಮೇಲೆ ಬಿದ್ದವು. ಝಲ್ ಎಂದಿತು.

ನನ್ನ ಕೈ ಅಲ್ಲೇ ಕಟ್ಟಿಹೋಯಿತು. ಮುತ್ತೈದೆಯ ಬಳೆ ಒಡೆದೆನಲ್ಲ ಎಂಬುದೊಂದೇ ಆ ಕ್ಷಣಕ್ಕೆ ತಲೆಗೆ ಹೊಳೆದದ್ದು. ಹಿಡಿಯನ್ನು ಮತ್ತೆ ಮೇಲಕ್ಕೆ ತಳ್ಳಿದೆ. ಟೇಬಲ್ಲಿನ ಅಡಿಯಿಂದ ಹೊಟ್ಟಿನಲ್ಲಿ ಮುಳುಗಿದ್ದ ಒಂದು ತಲೆ ಮೇಲೆದ್ದಿತು. "ಯಾರದು?" ಎಂದ ಪಿಳ್ಳಪ್ಪ. ಅವನ ಬಲಗೈ ಇನ್ನೂ ಭುಜದವರೆಗೆ ಬ್ಲೇಡಿನ ಕೆಳಗಿನ ಪೆಟ್ಟಿಗೆಯೊಳಗೆ ಇತ್ತು. ಅವನಿಗಿದ್ದ ಒಂದೇ ಒಳ್ಳೆಯ ಕೈ. ನಾನು ಅಂಗಳದ ದಿಮ್ಮಿಯೊಂದರ ಮೇಲೆ ಕುಳಿತುಬಿಟ್ಟೆ.

ಮುನಿಶಾಮಮ್ಮ ಓಡಿ ಬಂದಳು. ಸ್ವಿಚ್ಚು ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ನನ್ನನ್ನು. ಬಯ್ಯಲಿ ಎಂದು ಕಾದೆ. ಬಯ್ದಿದ್ದರೆ ಇವತ್ತು ಇಷ್ಟು ನೋಯುತ್ತಿರಲಿಲ್ಲ.

"ಸ್ವಾಮಿ, ಪುಸ್ತಕ ಓದಿದ್ದು ನೀವೇ," ಎಂದಳು, ಅಷ್ಟೇ.

ಒಳಗಿದ್ದ ಅಂಜಿನಮ್ಮನಿಗೆ ಆ ಶಬ್ದ ಕೇಳಿಸಿತ್ತು. ನಮ್ಮ ಕಡೆ ಬಳೆ ಒಡೆಯಿತು ಎನ್ನುವುದಿಲ್ಲ, ಬಾಯಲ್ಲಿ ಅಶುಭ ಬರಬಾರದೆಂದು ಬಳೆ ಹೆಚ್ಚಿತು ಎನ್ನುತ್ತೇವೆ. ತರಕಾರಿ ಹೆಚ್ಚುವುದಕ್ಕೂ ಅದೇ ಮಾತು. ಮುದುಕಿ ಬಂದು ಹಸಿರು ಚೂರುಗಳ ಮುಂದೆ ನಿಂತಾಗ ನಾನು ತಲೆ ತಗ್ಗಿಸಿದೆ, ಶಾಪ ಬೀಳುವುದೆಂದು. ಅವಳು ಚೂರುಗಳನ್ನು ದಾಟಿ ಮಗನ ಹತ್ತಿರ ಹೋದಳು. ಅವನ ಬಲಗೈಯನ್ನು ಭುಜದಿಂದ ಕೆಳಗೆ ಸವರುತ್ತಾ ಬಂದು, ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಐದೂ ಇದ್ದವು.

"ಬಳೆ ತಾನೇ ಎಚ್ಚಿದ್ದು," ಎಂದಳು. "ನನ್ ಮಗನ್ ಕೈ ಎಚ್ಚಲಿಲ್ವಲ್ಲ." ಹಾಗೆಂದವಳು ಅಲ್ಲೇ ನೆಲಕ್ಕೆ ಕುಳಿತು ಜೋರಾಗಿ ಅತ್ತಳು. ನಾನೂ ಅತ್ತೆ, ನಾಚಿಕೆ ಬಿಟ್ಟು.

ಮುನಿಶಾಮಮ್ಮ ಆಮೇಲೂ ಐದಾರು ವರ್ಷ ಆ ಗರಗಸ ನಡೆಸಿದಳು. ಯಾರ ಮೈಮೇಲೂ ಒಂದು ಗೀರು ಬೀಳಲಿಲ್ಲ. ನಾನು ಮಾತ್ರ ಆ ಸ್ವಿಚ್ಚಿನ ಹತ್ತಿರ ಮತ್ತೆ ಹೋಗಲಿಲ್ಲ. ಇಂದಿಗೂ ಸಿಟ್ಟು ಬಂದಾಗ ಮೊದಲು ನನ್ನ ಕೈ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.

ಬಳೆ ಹೆಚ್ಚಿದ ಮರುದಿನ ಬೆಳಿಗ್ಗೆ ಗೋಡೆಯಾಚೆ ದ್ರೌಪದಮ್ಮನ ದನಿ ಕೇಳಿ ಇಣುಕಿದೆ. ಅವಳನ್ನು ಕೂಗಿ ಕರೆಸಿದವಳು ಅಂಜಿನಮ್ಮ. ಬಳೆಯ ಸಾಮಾನಿನ ಹತ್ತಿರ ಎಂದೂ ಸುಳಿಯದ ಆ ಮುದುಕಿ ಅವತ್ತು ಬುಟ್ಟಿಯ ಪಕ್ಕದಲ್ಲೇ ಕೂತಿದ್ದಳು. ದ್ರೌಪದಮ್ಮ ಎಂದಿನ ಅಳತೆಯ ಬಿಗಿ ಬಳೆ ಎತ್ತಿಕೊಂಡು ಮುನಿಶಾಮಮ್ಮನ ಕೈ ಹಿಡಿದಳು. ಅಂಜಿನಮ್ಮ ಅಡ್ಡ ಕೈ ಇಟ್ಟು ತಡೆದಳು.

"ಅದ್ ಬ್ಯಾಡ. ಒಂದಳತೆ ದೊಡ್ಡವೇ ತೊಡ್ಸು. ನನ್ ಸೊಸೆ ದಿನಾ ಬಿಚ್ಚಬೇಕು."