ಬೋಳನ ತಲೆ

ಮೊನ್ನೆ ಠಾಣೆಯ ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು ಮನೆಗೆ ಬಂದವನು ಬೂಟು ಬಿಚ್ಚುವ ತ್ರಾಣವೂ ಇಲ್ಲದೆ ಕೂತಿದ್ದೆ. ಮಗಳು ತನ್ನ ಮೊಬೈಲನ್ನು ಮುಖದ ಮುಂದೆ ಹಿಡಿದಳು. ನಾನು ಚಿಕ್ಕವನಿದ್ದಾಗ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ ಮಕ್ಕಳ ಧಾರಾವಾಹಿಯ ಒಂದು ತುಣುಕು. ಅದರಲ್ಲೊಂದು ರೋಬೋಟ್ ಇತ್ತು. ಕವುಚಿಟ್ಟ ಬಾಣಲೆಯಂಥ ತಲೆ, ಹಣೆಯಲ್ಲಿ ಹಳದಿ ದೀಪ. ಡೊಂಬಿವಲಿಯ ನಮ್ಮ ಚಾಳಿನ ಕನ್ನಡದ ಮಕ್ಕಳೆಲ್ಲ ಅದನ್ನು ಬೋಳ ಎನ್ನುತ್ತಿದ್ದೆವು.

"ಪಪ್ಪಾ, ಇಸ್ಕಾ ತೋ ಸರ್ ಹೀ ಟೇಢಾ ಹೈ," ಎಂದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ.

ಕನ್ನಡಕ ಹಾಕಿಕೊಂಡು ನೋಡಿದೆ. ಹೌದು, ಬೋಳನ ತಲೆ ಸೊಟ್ಟಗಿತ್ತು. ಎಡಗಡೆ ಒಂದು ತಗ್ಗು, ಅದರ ಸುತ್ತ ಬಡಿತದ ಗುರುತುಗಳು. ಮಗಳು ನಕ್ಕಳು. ನನಗೆ ಶರಣಪ್ಪ ನೆನಪಾದರು.

ಶರಣಪ್ಪ ಕಲಬುರಗಿ ಕಡೆಯವರು. ಮಹಾಪೆಯ ನಮ್ಮ ಕಾರ್ಖಾನೆಯಲ್ಲಿ ತಗಡು ಬಡಿದು ಡಬ್ಬಿ ಮಾಡುತ್ತಿದ್ದರು. ಆ ಡಬ್ಬಿಗಳನ್ನು ಅಳೆದು, ಸರಿಯಿಲ್ಲದ್ದಕ್ಕೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುವುದು ನನ್ನ ಕೆಲಸ. ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯನನ್ನು ನೀವು ಊಟಕ್ಕೆ ಕರೆಯಬೇಡಿ. "ಇನ್ನಷ್ಟು ದುಂಡಗಿನ ದೋಸೆ ಬೇಕಿದ್ರೆ ಕಂಪಾಸ್ ತನ್ನಿ," ಎಂದು ನನ್ನ ಹೆಂಡತಿ ಒಮ್ಮೆ ಕಾವಲಿಯನ್ನೇ ಕೆಳಗಿಳಿಸಿದ್ದಳು.

ಅದೇ ರೈಲು, ಅದೇ ಬಸ್ಸು, ಅದೇ ಡಬ್ಬಿ. ನಲವತ್ತೈದು ದಾಟಿದ ಮೇಲೆ ಯಾವುದಕ್ಕೂ ಮನಸ್ಸು ಏಳದೆ ಹೋಯಿತು. ಆಗ ಎಲ್ಲಿಂದಲೋ ಬೋಳ ನನ್ನ ತಲೆಯೊಳಗೆ ಹೊಕ್ಕ. ಆಳೆತ್ತರದ ಬೋಳನನ್ನು ಮಾಡಬೇಕು! ನೆನಪಿನಿಂದಲೇ ಒಂದು ಚಿತ್ರ ಬರೆದು ಊಟದ ಬಿಡುವಿನಲ್ಲಿ ಶರಣಪ್ಪನವರಿಗೆ ತೋರಿಸಿದೆ.

"ಇದು ಏನ್ ಕೆಲಸ ಮಾಡ್ತದರೀ ಸಾಹೇಬ್ರ?"

"ಎಂತ ಕೆಲಸವೂ ಇಲ್ಲ. ಸುಮ್ಮನೆ ನಿಲ್ತದೆ."

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಹಂಗಾದ್ರ ಮಾಡೂಣ ಬಿಡ್ರಿ. ಕೆಲಸಾ ಮಾಡೂವು ಭಾಳ ಮಾಡೀನಿ."

ಮರುದಿನದಿಂದ ಜೋಳದ ರೊಟ್ಟಿಯನ್ನು ಗಬಗಬನೆ ಮುಗಿಸಿ, ಮರಳು ತುಂಬಿದ ಚರ್ಮದ ಚೀಲದ ಮೇಲೆ ಅಲ್ಯೂಮಿನಿಯಂ ತಗಡಿಟ್ಟು ಮರದ ಕೊಡತಿಯಿಂದ ಬಡಿಯತೊಡಗಿದರು. ವಾರದಲ್ಲಿ ಚಪ್ಪಟೆ ತಗಡು ತಲೆಯಾಯಿತು. ನಾನು ಅಳತೆಪಟ್ಟಿ ಹಿಡಿದೆ.

"ಎಡಕ್ಕೆ ಸ್ವಲ್ಪ ವಾಲಿದೆ ಮಾರಾಯ್ರೆ."

ಇನ್ನೊಂದು ಮಾಡಿದರು. ಅದೂ ವಾಲಿತ್ತು. ಮೂರನೆಯದನ್ನು ಕೊಡುವಾಗ ಹೇಳಿದರು: "ಸಾಹೇಬ್ರ, ಟಿವ್ಯಾಗಿಂದೂ ಯಾರೋ ಕೈಲೇ ಬಡದಿದ್ದೇ ಇರ್ತದ."

"ಇಲ್ಲ, ಅದು ಮೊಟ್ಟೆಯ ಹಾಗೆ ನುಣ್ಣಗಿತ್ತು. ನನಗೆ ಸರಿಯಾಗಿ ನೆನಪುಂಟು," ಎಂದೆ. ಮಾತಿನ ಮಧ್ಯೆ ಕೈ ತನ್ನಷ್ಟಕ್ಕೆ ಕಿಸೆಗೆ ಹೋಗಿ ಪೆನ್ಸಿಲು ತೆಗೆಯಿತು. ಎಲ್ಲರೆದುರು ಆ ಹಣೆಯ ಮೇಲೆ ಕೆಂಪು ಗೆರೆ ಎಳೆದುಬಿಟ್ಟೆ.

ಶರಣಪ್ಪ ಕೊಡತಿ ಒರೆಸಿ ಒಳಗಿಟ್ಟರು. ಮರುದಿನ ಊಟವನ್ನು ಹೊರಗೆ, ಗೇಟಿನ ಹತ್ತಿರ ಕೂತು ಮಾಡಿದರು. ಕೆಲವು ತಿಂಗಳಲ್ಲಿ ಬೇರೆ ಕಾರ್ಖಾನೆಗೆ ಹೋದರು. ಮೂರು ತಲೆಗಳೂ ಗುಜರಿಗೆ ಹೋದವು. ನಾನು ತಡೆಯಲಿಲ್ಲ. ಅವರಿಗೆ ನಾಜೂಕು ಕೆಲಸ ಬಾರದು ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದೆ.

ಈ ಭಾನುವಾರ ವಿಳಾಸ ಕೇಳಿಕೊಂಡು ಘಣಸೋಲಿಯ ಹಳೇ ಊರಿನ ಅವರ ಮನೆಗೆ ಹೋದೆ. ಒಳಗೆ ಕೂರಿಸಿದರು, ಮುಖದಲ್ಲಿ ನಗುವಿರಲಿಲ್ಲ. ಆ ತುಣುಕು ತೋರಿಸಿದೆ. ಎರಡು ಸಲ ನೋಡಿ ಮೊಬೈಲು ವಾಪಸು ಕೊಟ್ಟರು.

"ನಾ ಹೇಳಿದ್ದಿಲ್ಲೇನ್ರಿ?"

"ಹೇಳಿದ್ರಿ. ನನ್ನದೇ ತಪ್ಪು ಶರಣಪ್ಪನವರೇ."

"ಡಬ್ಬಿಗಿ ನೂರು ಗೆರಿ ಎಳೀರಿ, ಅದು ಪಗಾರದ ಕೆಲಸ. ಆ ತಲಿ ಡಬ್ಬಿ ಆಗಿರಲಿಲ್ರೀ."

ಅವರ ಹೆಂಡತಿ ಚಹಾ ತಂದಿಟ್ಟರು. ಅರ್ಧ ಕುಡಿದ ಮೇಲೆ, ಬೋಳನನ್ನು ಮತ್ತೆ ಶುರು ಮಾಡುವ ಆಸೆಯಿದೆ ಎಂದೆ, ಮೆಲ್ಲಗೆ.

"ನನ್ನ ಭುಜಾ ಈಗ ಮ್ಯಾಲ ಏಳಂಗಿಲ್ಲ," ಎಂದರು. ಬಾಗಿಲ ಹೊರಗೆ ಕೈ ತೋರಿಸಿದರು. "ಮರಳಿನ ಚೀಲಾ, ಕೊಡತಿ ಅಲ್ಲೇ ಅವ. ತಗಡಿನ ತುಂಡೂ ಅದ. ನೀವ್ ಬಡೀರಿ, ನಾ ಹೇಳ್ತೀನಿ."

ಬಡಿದೆ. ಹತ್ತು ನಿಮಿಷಕ್ಕೆ ಏದುಸಿರು ಬಂತು. "ಜೋರ್ ಬ್ಯಾಡ್ರಿ, ಅದಕ್ಕ ಸಿಟ್ಟ್ ಬರ್ತದ," ಎನ್ನುತ್ತ ಅವರು ತಗಡು ತಿರುಗಿಸಿಕೊಟ್ಟರು. ಒಂದು ಗಂಟೆಯಲ್ಲಿ ಆದದ್ದು ಸಣ್ಣ ಬೋಗುಣಿಯಷ್ಟು ತಗ್ಗು, ಅದೂ ಸುಕ್ಕುಸುಕ್ಕು. ಶರಣಪ್ಪ ಅದರ ಮೇಲೆ ಬೆರಳಾಡಿಸಿ, ಸರಿ ಎನ್ನಲಿಲ್ಲ, ತಪ್ಪೆಂದೂ ಅನ್ನಲಿಲ್ಲ. "ಬರೂ ಐತ್ವಾರ ಲಗೂನ ಬರ್ರಿ," ಎಂದರು.

ವಾಪಸು ಬರುವಾಗ ರೈಲಿನಲ್ಲಿ ಮೇಲಿನ ಹಿಡಿಕೆಗೆ ಕೈ ಎತ್ತಲಾಗಲಿಲ್ಲ. ಯಾರೋ ಪುಣ್ಯಾತ್ಮರು ಸರಿದು ಜಾಗ ಕೊಟ್ಟರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಠಾಣೆಯವರೆಗೆ ಕೂತೆ. ದಿನವಿಡೀ ಕಂಪನಿಯ ತಗಡು ಬಡಿಯುತ್ತಿದ್ದ ಆ ಮನುಷ್ಯ ಊಟದ ಅರ್ಧ ಗಂಟೆಯಲ್ಲೂ ಅದನ್ನೇ ಬಡಿದಿದ್ದರು, ಸುಮ್ಮನೆ ನಿಲ್ಲುವ ಒಂದು ವಸ್ತುವಿಗಾಗಿ.