ವಾಸನೆ ನೋಡಿ ಲೈಟು ಹಾಕುವ ಸೋಪಣ್ಣ

ಬೆಳಗಿನ ಆರು ಗಂಟೆ. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಬಾಗಿಲು ತೆರೆದು ಸೋಪಣ್ಣ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಒಳಗೆ ಇನ್ನೂ ಕತ್ತಲು. ಸಂಜೆ ಮುಚ್ಚಿದ್ದ ಗ್ಯಾಸಿನ ಮುಖ್ಯ ವಾಲ್ವನ್ನು ವರಾಂಡದಲ್ಲಿ ತಿರುಗಿಸಿ ತೆರೆದು ಹತ್ತು ನಿಮಿಷವಾಗಿದೆ. ಮೊದಲು ವಾಸನೆ, ಆಮೇಲೆ ಲೈಟು, ಇದು ಅವರ ನಿಯಮ. ಗ್ಯಾಸ್ ಸೋರಿ ತುಂಬಿದ್ದರೆ ಸ್ವಿಚ್ಚಿನ ಒಂದು ಕಿಡಿ ಸಾಕು. ಮೂಗೆತ್ತಿ ಎರಡು ಸಲ ಉಸಿರೆಳೆದುಕೊಂಡು, "ಏನಿಲ್ಲ, ಬನ್ನಿ" ಎನ್ನುತ್ತ ಸ್ವಿಚ್ಚಿನತ್ತ ಕೈ ಚಾಚುತ್ತಾರೆ.

ಅವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬಂದು ಹಿಂದೆ ನಿಂತ ನನ್ನ ಮೂಗಿಗೆ ಗ್ಯಾಸಿನ ವಾಸನೆ ರಪ್ಪನೆ ಬಡಿಯುತ್ತದೆ. ಹಿರಿಯರು, ಮರ್ಯಾದೆ ಎಂದು ನೋಡುವ ಹೊತ್ತಲ್ಲ. ಅವರ ಕೈ ಹಿಡಿದು ಹೊರಗೆಳೆಯುತ್ತೇನೆ. ನನ್ನ ಮುಖ ನೋಡಿ ಅವರ ಮುಖದ ಬಣ್ಣ ಇಳಿಯುತ್ತದೆ. ಓಡಿ ವಾಲ್ವ್ ಮುಚ್ಚುತ್ತಾರೆ, ಕಿಟಕಿಗಳನ್ನೆಲ್ಲ ಹೊರಗಿನಿಂದಲೇ ತಳ್ಳಿ ತೆರೆಯುತ್ತಾರೆ. ಬೆಳಕು ಹರಿದು ವಾಸನೆ ಹೋದ ಮೇಲೆ ವಾಲ್ವನ್ನು ಕೊಂಚವೇ ತೆರೆದು, ಒಳಗೆ ಹೋಗಿ ಸೋಪಿನ ನೊರೆ ಸವರಿದರೆ, ಮೂರನೇ ಮೇಜಿನ ಕೆಳಗೆ ಪೈಪು ಬಾಗುವ ಕಡೆ ಗುಳ್ಳೆಗಳು ಏಳುತ್ತವೆ. ಮತ್ತೆ ವಾಲ್ವ್ ಮುಚ್ಚಿ ಬಂದು ವಾಷರ್ ಬದಲಿಸುತ್ತಾರೆ.

ಸೋಪಣ್ಣ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಮೂವತ್ತು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ಓದಿ ಡಿಗ್ರಿ ಪಡೆದವರು, ಈಗ ಸ್ಟೌ ರಿಪೇರಿ ಅಂಗಡಿ ನಡೆಸುತ್ತಾರೆ. ಜೊತೆಯಲ್ಲಿ ಓದಿದವರು ಕಾಲೇಜಿಗೆ ಕುರ್ಚಿ, ಗಡಿಯಾರ ಕೊಟ್ಟಿದ್ದಾರೆ. ಗಡಿಯಾರದಲ್ಲಿ ಅಂಕಿಗಿಂತ ದಾನಿಯ ಹೆಸರೇ ದೊಡ್ಡದು. ಇವರು ಕೊಡುವುದು ದಿನಕ್ಕೆ ಮುಕ್ಕಾಲು ಗಂಟೆ. ಒಂಬತ್ತು ಮೇಜು, ಮೂವತ್ತಾರು ಗ್ಯಾಸಿನ ನಲ್ಲಿ, ಹನ್ನೊಂದು ವರ್ಷ. ಇವರು ಸರಿ ಎಂದ ಮೇಲೆಯೇ ಮಕ್ಕಳು ಬರ್ನರ್ ಹಚ್ಚುತ್ತಾರೆ.

ಇಷ್ಟು ಬರೆದುಕೊಂಡು ಹೊಗಳಿ ಮುಗಿಸೋಣವೆಂದೇ ನಾನು ಬಂದವನು. ಇಂದಿನ ಬೆಳಗನ್ನು ಏನು ಮಾಡಲಿ? ಮೆಟ್ಟಿಲ ಮೇಲೆ ಕೂತು, ಎಷ್ಟು ದಿನದಿಂದ ಹೀಗೆ ಎಂದು ಕೇಳುತ್ತೇನೆ.

"ಎರಡು ತಿಂಗಳಾಯ್ತು. ಜ್ವರ ಬಂದು ಹೋಯ್ತಲ್ಲ, ಅವತ್ತಿಂದ. ಒಲೆ ಮೇಲೆ ಹಾಲು ಸೀದು ಕರಕಲಾಗಿತ್ತು, ನಾನು ಪಕ್ಕದಲ್ಲೇ ಪೇಪರ್ ಓದ್ತಾ ಇದ್ದೆ. ಹೆಂಡತಿ ಬಂದು ಬೈದಾಗ್ಲೇ ಗೊತ್ತಾಗಿದ್ದು."

ಕಾಲೇಜಿನವರಿಗೆ ವಿಷಯ ಹೇಳಿಬಿಡುವಂತೆ ಹೆಂಡತಿ ದಿನಾ ಹೇಳುತ್ತಾರಂತೆ. ನೊರೆ ಇದೆಯಲ್ಲ, ಗುಳ್ಳೆ ಕಣ್ಣಿಗೆ ಕಾಣುತ್ತದಲ್ಲ ಎಂದು ಇವರು ಸಮಾಧಾನ ಹೇಳಿಕೊಂಡಿದ್ದಾರೆ. ನೊರೆ ಸವರಲು ಲೈಟು ಬೇಕು, ಲೈಟು ಹಾಕಲು ಮೂಗು ಬೇಕು ಎಂಬುದು ಇವರಿಗೆ ತಿಳಿಯದ್ದೇನಲ್ಲ. ನನಗೆ ಸಿಟ್ಟು ಬರುತ್ತದೆ, ಅದನ್ನು ಹೇಳಿಯೂ ಬಿಡುತ್ತೇನೆ. ಆಗ ಅವರು ಹಳೆಯ ಮಾತು ತೆಗೆಯುತ್ತಾರೆ.

ಎರಡನೇ ವರ್ಷದಲ್ಲಿ ಓದುತ್ತಿದ್ದಾಗ ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಇವರಿಗೆ ವಾಸನೆ ಬಂದಿತ್ತು. ಹಿಂದಿನ ದಿನವಷ್ಟೇ ಮೇಷ್ಟರಿಂದ ಎಲ್ಲರೆದುರು ಉಗಿಸಿಕೊಂಡಿದ್ದರಿಂದ ಬಾಯಿ ತೆರೆಯಲು ಭಯ. ಬೇರೆ ಯಾರಾದರೂ ಹೇಳಲಿ ಎಂದು ಸುಮ್ಮನಿದ್ದರು. ಯಾರೋ ಕಡ್ಡಿ ಗೀರಿದರು. ಉರಿಯೊಳಗೆ ಕೈ ಹಾಕಿ ನಲ್ಲಿ ಮುಚ್ಚಿದವರು ಲ್ಯಾಬಿನ ಅಟೆಂಡರ್. ಅವರ ಎಡಗೈಯ ಎರಡು ಬೆರಳು ಮತ್ತೆ ಮಡಚಲೇ ಇಲ್ಲ.

"ನಂಗೆ ಮೊದ್ಲೇ ವಾಸನೆ ಬಂದಿತ್ತು ಅಂತ ಆ ಅಟೆಂಡರ್ ಅಣ್ಣನ ಹತ್ರ ಕೊನೇವರೆಗೂ ಹೇಳ್ಲಿಲ್ಲ. ಅದಕ್ಕೇ ಇಲ್ಲಿಗೆ ಬರೋಕೆ ಶುರು ಮಾಡಿದ್ದು. ಈಗ ಬರಬೇಡಿ ಅಂದ್ಬಿಟ್ರೆ ಏನು ಮಾಡ್ಲಿ ಅಂತ ಹೆದರಿಕೆ. ಬಂದ್ರೆ ಇನ್ನೂ ಹೆದರಿಕೆ. ರಾತ್ರಿ ನಿದ್ದೆ ಹತ್ತಲ್ಲ."

ಒಂಬತ್ತು ಗಂಟೆಗೆ ಮೊದಲ ಬ್ಯಾಚು. ಬಿಳಿ ಕೋಟು ತೊಟ್ಟ ಹುಡುಗಿಯರು ಸೋಪಣ್ಣನಿಗೆ ಕೈ ಬೀಸಿ, ನಗುತ್ತ ಒಳಗೆ ಹೋಗುತ್ತಾರೆ. ಸೋಪಣ್ಣ ಅವರನ್ನು ಎಣಿಸುತ್ತಾರೆ: ಇಪ್ಪತ್ತೆಂಟು. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ.

"ಸೋಪಣ್ಣನಿಗೆ ಈಗ ವಾಸನೆ ಬರಲ್ಲ ಅಂತಾನೇ ಬರೀರಿ. ವಾಸನೆ ಗೊತ್ತಾಗೋರು ಯಾರಾದ್ರೂ ಬಂದ್ರೆ ಕೆಲಸ ನಾನು ಕಲಿಸ್ತೀನಿ."

ಭಾನುವಾರದ ಪುರವಣಿಯಲ್ಲಿ ಬರುತ್ತದೆ ಎನ್ನುತ್ತೇನೆ. ಇಂದು ಬುಧವಾರ. ಅವರು ಬೆರಳು ಮಡಚುತ್ತಾರೆ.

"ಮಧ್ಯೆ ಇನ್ನೂ ಮೂರು ಬೆಳಗಿದೆ" ಎಂದು ಎದ್ದು ನಿಂತು, ಪ್ರಿನ್ಸಿಪಾಲರ ಕೋಣೆಯ ಕಡೆ ನೋಡುತ್ತಾರೆ. "ನೀವೂ ಜೊತೆಗೆ ಬರ್ತೀರಾ? ಒಬ್ಬನೇ ಹೋದ್ರೆ ಇವತ್ತೂ ಬಾಯಿ ಬಿಡಲ್ಲ ನಾನು."