ದೊಡ್ಡಪ್ಪ ಹಿಡಿದ ಚೆಂಡು

ದೊಡ್ಡಪ್ಪನ ಬೆರಳುಗಳು ಒಂದೊಂದೂ ಒಂದೊಂದು ದಿಕ್ಕು ನೋಡುತ್ತಿದ್ದವು. ಬಲಗೈ ಕಿರುಬೆರಳಂತೂ ಪೂರ್ತಿ ಹೊರಕ್ಕೆ ತಿರುಗಿತ್ತು. ಅಂಗಿ ತೋಳಿಗೆ ಕೈ ತೂರಿಸುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. “ಒಂದೊಂದ್ ಬೆರಳೂ ಒಂದೊಂದ್ ಊರಲ್ಲಿ ಮುರ್ಕೊಂಡಿದ್ದು ಕಣವ್ವ” ಅನ್ನುತ್ತಿದ್ದರು. ಅರಸೀಕೆರೆಯ ರೈಲ್ವೆ ಮೈದಾನದಲ್ಲಿ ಬರಿಗಾಲಲ್ಲಿ ಆಟ ಕಲಿತವರು ಬೆಂಗಳೂರು, ಗೋವಾ, ಕಲ್ಕತ್ತ ಅಂತ ಇಪ್ಪತ್ತು ವರ್ಷ ಸಂಬಳಕ್ಕೆ ಗೋಲ್‌ಕೀಪರ್ ಆಗಿ ಆಡಿದರು. ನಲವತ್ತು ದಾಟಿದ ಮೇಲೆ ಹಳೇಬೀಡಿಗೆ ಬಂದು ನೆಲೆಸಿದರು. ನಾನು ಬೇಲೂರಿನಲ್ಲಿ ನರ್ಸ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಮನೆಯಲ್ಲೇ ಇದ್ದೆ.

ಆರಡಿ ಆಳು, ಮೆತ್ತನೆಯ ಮಾತು. ರಾಗಿಮುದ್ದೆಗೆ ಉಪ್ಪಿನಕಾಯಿ ನಂಚಿಕೊಳ್ಳುವ ಚಟ. ಟಿವಿಯಲ್ಲಿ ಫುಟ್‌ಬಾಲ್ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಒಂದು ಸಂಜೆ ಇಬ್ಬರೂ ಬಸ್‌ಸ್ಟ್ಯಾಂಡಿನಿಂದ ನಡೆದು ಬರುವಾಗ ಶಾಲೆ ಬಿಟ್ಟು ಮಕ್ಕಳು ಎದುರಿಗೆ ಓಡಿ ಬಂದವು. ದೊಡ್ಡಪ್ಪ ಅಂಗಡಿ ಗೋಡೆಗೆ ಅಂಟಿಕೊಂಡು ನಿಂತುಬಿಟ್ಟರು. ಕೊನೆಯ ಮಗು ದಾಟುವ ತನಕ ಉಸಿರು ಬಿಡಲಿಲ್ಲ.

ಮನೆಯಲ್ಲಿ ದೊಡ್ಡಮ್ಮನನ್ನು ಕೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಲೇ ಹೇಳಿದಳು: “ಒಂದ್ ಮ್ಯಾಚಲ್ಲಿ ಎದುರು ಟೀಮಿನ ಹುಡ್ಗನ ತಲೆಗೆ ಇವರ ಮೊಣಕಾಲು ಬಡೀತು ಕಣೇ. ಅವ್ನು ಎಷ್ಟೋ ದಿನ ಕಣ್ಣೇ ಬಿಡ್ಲಿಲ್ಲ. ಆಮ್ಯಾಕೆ ಆಡಲೂ ಇಲ್ಲ. ರೆಫ್ರಿ ಸೀಟಿನೂ ಊದ್ಲಿಲ್ಲ, ತಪ್ಪಿಲ್ಲ ಅಂದ್ರು. ಇವ್ರು ಮಾತ್ರ ಅದಾದ್ಮೇಲೂ ಹತ್ತು ವರ್ಷ ಆಡಿದ್ರು.”

ಅದಾದ ಕೆಲವು ವರ್ಷಕ್ಕೆ ಒಂದು ಭಾನುವಾರ, ನಾನೂ ಅಲ್ಲಿದ್ದಾಗ, ಮನೆ ಮುಂದೆ ಕಾರು ನಿಂತಿತು. ದೇವಸ್ಥಾನ ನೋಡಲು ಮಂಗಳೂರಿನಿಂದ ಹೆಂಡತಿ, ಮಗಳ ಜೊತೆ ಬಂದಿದ್ದ ಒಬ್ಬಾತ ಮನೆ ವಿಚಾರಿಸಿಕೊಂಡು ಬಂದು ಇಳಿದ. ಎಡಗಾಲು ಎಳೆದು ನಡೆಯುತ್ತಿದ್ದ, ಮಾತು ನಿಧಾನ. ದೊಡ್ಡಪ್ಪ ನೋಡಿದೊಡನೆ ಗುರುತು ಹಿಡಿದು, ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತರು. ಅದೇ ಹುಡುಗ.

ಜಗಲಿಯಲ್ಲಿ ಕೂತ ಮೇಲೆ ಆತನೇ ಕೇಳಿದ. “ಸರ್, ನನಗೆ ಆ ದಿನದ್ದು ಒಂದೂ ನೆನಪಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದ್ದು ಗೊತ್ತುಂಟು. ಮತ್ತೆ ಆಸ್ಪತ್ರೆ. ನಡುವೆ ಎಂತ ಆದದ್ದು ಅಂತ ನಿಮಗೆ ಮಾತ್ರ ಗೊತ್ತು. ಹೇಳ್ತೀರಾ?”

“ಈಗ್ಯಾಕಪ್ಪ ಅದೆಲ್ಲ, ಕಾಫಿ ಕುಡೀರಿ” ಎಂದಳು ದೊಡ್ಡಮ್ಮ.

ದೊಡ್ಡಪ್ಪ ಕೈ ಎತ್ತಿ ಅವಳನ್ನು ತಡೆದರು. “ಬಾಲು ಎತ್ತರಕ್ಕೆ ಬಂತು. ಮೊಣಕಾಲು ಮುಂದ್ ಮಾಡ್ಕೊಂಡು ನೆಗೆದೆ, ಕೀಪರಿಗೆ ಕಲಿಸೋದೇ ಹಂಗೆ. ನೀನು ಬರೋದು ಕಾಣ್ತು. ಕಾಲು ಇಳಿಸ್ಬೋದಾಗಿತ್ತು. ಇಳಿಸಿದ್ರೆ ಬಾಲು ಬಿಟ್ಟೋಯ್ತದೆ ಅನ್ನಿಸ್ತು. ಇಳಿಸ್ಲಿಲ್ಲ.”

ಆತನ ಮಗಳು ತಟ್ಟನೆ ಎದ್ದು ಹೋಗಿ ಕಾರಿನಲ್ಲಿ ಕೂತಳು. ಆತ ಲೋಟವನ್ನೇ ನೋಡುತ್ತಿದ್ದ.

“ಬಾಲು ಸಿಕ್ಕಿತಾ ಸರ್?”

“ಸಿಕ್ತು.”

“ಹಾಗಾದ್ರೆ ನೀವು ಒಳ್ಳೇ ಕೀಪರ್ ಮಾರಾಯ್ರೆ” ಎಂದು ನಕ್ಕ. ಹೊರಡುವಾಗ ನನ್ನ ಫೋನ್ ನಂಬರ್ ಬರೆದುಕೊಂಡ.

ಇನ್ನಾದರೂ ದೊಡ್ಡಪ್ಪನ ಮನಸ್ಸು ಹಗುರಾಗಬಹುದು ಅಂದುಕೊಂಡೆ. ಆಗಲಿಲ್ಲ. ಊಟ ಕಡಿಮೆಯಾಯಿತು, ನಿದ್ದೆ ಹೋಯಿತು. ಮಾತ್ರೆ ಕೊಡುತ್ತಿದ್ದಾಗ ಒಮ್ಮೆ ಹೇಳಿದರು: “ಅವ್ನು ನಗಬಾರ್ದಿತ್ತು ಕಣವ್ವ. ಬೈದಿದ್ರೆ ತಡ್ಕೊಂತಿದ್ದೆ.”

ಹೋದ ವರ್ಷ ಕಫ ಕಟ್ಟಿ ಅವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಜ್ವರ ಏರಿದಾಗ ನಮ್ಮ ಗುರುತೂ ಹತ್ತಲಿಲ್ಲ. ಕೊನೆಯ ಮಧ್ಯಾಹ್ನ ಅಷ್ಟು ದೊಡ್ಡ ಮೈಯನ್ನು ಹಾಸಿಗೆಯಿಂದ ಎತ್ತಿ, ಎದುರು ಗೋಡೆ ನೋಡಿ ಕೂಗಿದರು: “ಸರ್ಕೊಳ್ಳೋ... ಲೇ, ಸರ್ಕೊಳ್ಳೋ.” ಕೂಗುತ್ತಲೇ ಸೋತು ನನ್ನ ತೋಳಿಗೆ ಒರಗಿದರು. ಸಂಜೆಯ ಹೊತ್ತಿಗೆ ಹೋಗಿಬಿಟ್ಟರು.

ಸುದ್ದಿ ತಿಳಿದು ಮಂಗಳೂರಿನ ಆತ ನನಗೆ ಫೋನ್ ಮಾಡಿದ. “ಕೊನೆಗೆ ನನ್ನ ವಿಷಯ ಎಂತಾದ್ರೂ ಹೇಳಿದ್ರಾ?”

ನೆಮ್ಮದಿಯಾಗಿ ಹೋದರು ಎನ್ನುವ ಮಾತು ನಮ್ಮ ಕೆಲಸದವರ ಬಾಯಲ್ಲಿ ಯಾವಾಗಲೂ ಸಿದ್ಧವಿರುತ್ತದೆ. ಆದರೆ ಅಂದು ಜಗಲಿಯಲ್ಲಿ ದೊಡ್ಡಪ್ಪ ಹೇಳಿದ್ದನ್ನು ಕೇಳಿದ ಮೇಲೆ ಅದು ನನ್ನ ಬಾಯಿಂದ ಹೊರಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಜೋರಾಗಿ ಕೂಗಿದ್ರಾ?”

“ಹೌದು. ವಾರ್ಡಿನವರೆಲ್ಲ ತಿರುಗಿ ನೋಡಿದರು.”

ಆ ಕಡೆ ಆತ ಅಳತೊಡಗಿದ, ಮಕ್ಕಳ ಹಾಗೆ, ಬಿಕ್ಕಿ ಬಿಕ್ಕಿ. ನಾನು ಸಮಾಧಾನ ಹೇಳಲಿಲ್ಲ. ಈ ಅಳು ದೊಡ್ಡಪ್ಪನಿಗೆ ಕೇಳಿಸಬೇಕಿತ್ತು ಅಂದುಕೊಳ್ಳುತ್ತ ಫೋನ್ ಹಿಡಿದೇ ನಿಂತಿದ್ದೆ.